ಒಣ ಭತ್ತಕ್ಕೂ ತೇವದ ಕಡಿತ

ಕಳೆದ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ನಿಂತಿದ್ದದ್ದು ಶ್ರೀರಾಮನಗರದ ಒಂದು ರೈಸ್ ಮಿಲ್ಲಿನ ತೂಕದ ಕಟ್ಟೆಯ ಪಕ್ಕ. ಮ್ಯಾನೇಜರ್ ಶೇಖರಪ್ಪ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದರು. (ಜಾಗ ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ.)

ನನ್ನನ್ನು ಸಾಕ್ಷಿಗೆಂದು ಕರೆದದ್ದು ಮಿಲ್ಲಿನ ಒಡತಿ ಸುಶೀಲಮ್ಮ. ಗಂಡ ತೀರಿಕೊಂಡ ಮೇಲೆ ಅವರು ಇಡೀ ಮಿಲ್ಲನ್ನು ಶೇಖರಪ್ಪನವರ ಕೈಗೆ ಬಿಟ್ಟಿದ್ದರು. 'ನಮ್ಮ ಮನಿ ಮನುಷ್ಯಾ' ಎನ್ನುತ್ತಿದ್ದರು. ಆದರೆ ಎರಡು ಸುಗ್ಗಿಯಿಂದ ರೈತರು ಬೇರೆ ಮಿಲ್ಲಿಗೆ ಹೋಗತೊಡಗಿದ್ದರು. ಹೀಗೇ ಆದರೆ ಮಿಲ್ಲಿಗೆ ಬೀಗವೇ ಗತಿ. ಕಾರಣ ಹೇಳಿದವರು ರೈತ ಹನುಮಪ್ಪ ಒಬ್ಬರೇ.

"ಅಕ್ಕಾರ, ಎಂಥಾ ಒಣ ನೆಲ್ಲು ತಂದ್ರೂ ತೇವ ಐತಿ ಅಂತ ಶೇಖರಪ್ಪನೋರು ಚೀಲಕ್ಕ ಎರಡು ಕಿಲೋ ಕಡೀತಾರ. ನೀವ ಹೇಳೀರಂತಲ್ರಿ?"

ಸುಶೀಲಮ್ಮ ಹಾಗೆ ಹೇಳಿರಲೇ ಇಲ್ಲ. ನಂಬಲೂ ಇಲ್ಲ.

"ಹಂಗಾರ ನಿಮ್ಮ ಮನ್ಯಾಗಿನ ಹೋದ ವರ್ಷದ ನೆಲ್ಲು ಕೊಡ್ರಿ. ನಂದು ಅಂತ ಟ್ರ್ಯಾಕ್ಟರ್‌ನ್ಯಾಗ ತರ್ತೀನಿ."

ಆ ಟ್ರ್ಯಾಕ್ಟರೇ ಅಂದು ಕಟ್ಟೆಯ ಮೇಲೆ ನಿಂತಿತ್ತು. ನನ್ನ ಹಿಂದೆ, ಬಾಗಿಲ ಮರೆಯಲ್ಲಿ, ಸುಶೀಲಮ್ಮ. ಶೇಖರಪ್ಪ ಒಂದು ಕಾಳು ಬಾಯಿಗೆ ಹಾಕಿ ಕಚ್ಚಿದರು. 'ಟಕ್' ಎಂದಿತು. ಹಸಿ ಕಾಳು ಟಕ್ ಎನ್ನುತ್ತದೆಯೇ?

"ಹಸಿ ಐತಿ. ಎರಡು ಕಿಲೋ."

"ಇನ್ನೆಷ್ಟು ಒಣಗಸಬೇಕ್ರಿ ಸಾಹೇಬ್ರ? ಹುರದು ತರಲೇನು?" ಎಂದರು ಹನುಮಪ್ಪ. ಹಮಾಲಿ ಖಾಸಿಂ ನಕ್ಕ.

ಸುಶೀಲಮ್ಮ ಹೊರಗೆ ಬಂದರು. "ಶೇಖರಪ್ಪ, ಅದು ನಮ್ಮನಿ ನೆಲ್ಲು. ಹೋದ ವರ್ಷ ನೀವ ಒಣಗಿಸಿ ಇಡಿಸಿದ್ದು."

ಖಾಸಿಂನ ನಗು ನಿಂತಿತು. "ಅಮ್ಮಾರ, ಕಡದದ್ದೆಲ್ಲಾ ಬ್ಯಾರೆ ಲಾರಿಗೆ ಹೇರಸ್ತಾರ್ರಿ. ನಿಮಗ ಗೊತ್ತೈತಿ ಅಂತಿದ್ರು."

ಶೇಖರಪ್ಪ ಇಲ್ಲವೆನ್ನಲಿಲ್ಲ. "ಎಲ್ಲಾ ಕಡೆ ನಡೀತೈತಲ್ರಿ, ಅಕ್ಕಾರ" ಎಂದರು, ಅಷ್ಟೇ.

ಅಷ್ಟೇ! ರೈತನ ಭತ್ತವನ್ನು ಕದ್ದು, ಆ ಕಳ್ಳತನಕ್ಕೆ ಏನೂ ಅರಿಯದ ಹೆಣ್ಣುಮಗಳ ಹೆಸರು ಹಚ್ಚಿದ್ದರು. ಎರಡು ಸುಗ್ಗಿ ಜನ ಶಾಪ ಹಾಕಿದ್ದು ಆಕೆಗೆ.

ಆಕೆ ಪೊಲೀಸರಿಗೆ ದೂರು ಕೊಡುತ್ತೇನೆ ಎಂದದ್ದೇ ತಡ, ಸಂಜೆ ಹಿರಿಯರು ಕೂಡಿದರು. ಒಬ್ಬರು ನನ್ನನ್ನು ಬದಿಗೆ ಕರೆದರು. "ತೇವ ನೋಡೋ ಮಷಿನ್ ಕೆಟ್ಟಿತ್ತು ಅಂದ್ಬಿಡ್ರಿ. ಮಕ್ಕಳೊಂದಿಗ ಅದಾನ, ಪಾಪ."

ಹನುಮಪ್ಪನವರಿಗೆ ಮಕ್ಕಳಿಲ್ಲವೇ?

ಮಷಿನ್ ಕೆಟ್ಟಿರಲಿಲ್ಲ. ಕವರ್ ಬಿಚ್ಚದೆ ಮೇಜಿನ ಮೇಲಿತ್ತು. ಕೆಲಸ ಮಾಡಿದ್ದು ಹಲ್ಲು. ಆ 'ಟಕ್' ಕೇಳಿದವರು ಹನುಮಪ್ಪ, ಖಾಸಿಂ, ಸುಶೀಲಮ್ಮ ಮತ್ತು ನಾನು.

ನಾಲ್ವರೂ ಇನ್ನೂ ಬದುಕಿದ್ದೇವೆ.