ನನ್ನ ಗಂಡನ ಸಿಸ್ಟರನ್ನು ನೋಡಲು ಹೋದದ್ದು

ತಿಪಟೂರಿನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ಮೊದಲ ಬಸ್ಸನ್ನು ಹತ್ತಿದಾಗ ಇನ್ನೂ ಮಂಜು ಕರಗಿರಲಿಲ್ಲ. ಸಂಕ್ರಾಂತಿ ಕಳೆದ ವಾರ ಅದು. ನಾನು ಶಾಲೆಗೆ ರಜೆ ಹಾಕಿ, ಮಗಳನ್ನು ನಾದಿನಿಯ ಮನೆಯಲ್ಲಿ ಬಿಟ್ಟು ಬಂದಿದ್ದೆ. ನನ್ನ ಗಂಡ ನಂಜುಂಡಪ್ಪನವರು ಹೊಸ ಬಿಳಿ ಅಂಗಿ ತೊಟ್ಟು ಕಿಟಕಿಯ ಪಕ್ಕ ನೆಟ್ಟಗೆ ಕೂತಿದ್ದರು. ನಮ್ಮ ಮದುವೆಯ ದಿನ ಕೂಡ ಅವರು ಅಷ್ಟು ನುಣ್ಣಗೆ ಗಡ್ಡ ಹೆರೆದುಕೊಂಡಿರಲಿಲ್ಲ.

ನಾವು ಹೊರಟಿದ್ದು ಒಬ್ಬ ಹೆಂಗಸನ್ನು ನೋಡಲು. ಎಪ್ಪತ್ತೊಂದರ ಯುದ್ಧದಲ್ಲಿ ಇವರು ಪೂರ್ವದ ಗಡಿಯಲ್ಲಿದ್ದರು. ನೆಲಬಾಂಬು ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಡೇರೆ ಹಾಕಿ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಇವರನ್ನು ಉಳಿಸಿಕೊಂಡವರು ಸಿಸ್ಟರ್ ಸುಶೀಲಾ ಎಂಬ ಮಿಲಿಟರಿ ನರ್ಸ್. ಅಲ್ಲಿನ ಸಿಬ್ಬಂದಿಯಲ್ಲಿ ಕನ್ನಡ ಮಾತಾಡಿದ ಒಂದೇ ಜೀವ ಅದು. ಅಲ್ಲಿಂದೀಚೆಗೆ ಆ ಹೆಸರು ಕೇಳದೆ ನಮ್ಮ ಮನೆಯಲ್ಲಿ ಒಂದು ವಾರ ಕಳೆದದ್ದಿಲ್ಲ. ಜ್ವರ ಬಂದರೆ ‘ಸಿಸ್ಟರ್ ಹೀಗೆ ಒದ್ದೆ ಬಟ್ಟೆ ಹಾಕ್ತಿದ್ರು’. ಕಾಫಿ ಆರಿದ್ದರೆ ‘ಸಿಸ್ಟರ್ ಆ ಚಳಿಯಲ್ಲೂ ಬಿಸಿ ಬಿಸಿ ಚಹಾ ಕೊಡ್ತಿದ್ರು’. ಮಗಳು ಹುಟ್ಟಿದಾಗ ನಾನು ನಮ್ಮಮ್ಮನ ಹೆಸರಿಡಬೇಕೆಂದಿದ್ದೆ. ಇವರು ಕೇಳಲಿಲ್ಲ. ಹಾಗಾಗಿ ‘ಸುಶೀಲಾ, ತಲೆ ಬಾಚ್ಕೋ’, ‘ಸುಶೀಲಾ, ಹಾಲು ಕುಡಿ’ ಎಂದು ದಿನವೂ ಆ ಹೆಸರನ್ನು ನನ್ನ ಬಾಯಿಂದಲೇ ಕರೆಯುತ್ತಿದ್ದೆ.

ಅದನ್ನಾದರೂ ನುಂಗಿಕೊಂಡಿದ್ದೆ. ಆದರೆ ಆ ಕಾಲನ್ನು ಇವರು ನನಗೆ ಒಮ್ಮೆಯೂ ತೋರಿಸಿರಲಿಲ್ಲ. ದೀಪ ಆರಿಸಿದ ಮೇಲೆ ಕೃತಕ ಕಾಲನ್ನು ಕಳಚಿ ಮಂಚದ ಕೆಳಗಿಡುವುದು, ನಾನು ಏಳುವ ಮೊದಲೇ ಕಟ್ಟಿಕೊಳ್ಳುವುದು, ಬಚ್ಚಲ ಚಿಲಕ ಹಾಕಿಕೊಂಡು ಸ್ನಾನ ಮಾಡುವುದು, ಹೀಗೇ ವರ್ಷಗಳು ಉರುಳಿದವು. ಒಮ್ಮೆ ಎಣ್ಣೆ ಹಚ್ಚಿಕೊಡುತ್ತೇನೆ ಎಂದಾಗ ‘ನಿನಗ್ಯಾಕೆ ಅದು’ ಎಂದುಬಿಟ್ಟರು. ಇವರ ಯಾವ ನೋವು ನನಗೆ ನಿಷಿದ್ಧವೋ ಅದನ್ನು ಇನ್ನೊಬ್ಬಳು ಕಣ್ಣಾರೆ ಕಂಡು ಕೈಯಾರೆ ತೊಳೆದಿದ್ದಳು. ಅವಳ ಮುಖ ಹೇಗಿರಬಹುದೆಂದು ಅಡುಗೆ ಮಾಡುತ್ತ, ಮಕ್ಕಳ ಕಾಪಿ ತಿದ್ದುತ್ತ ಎಷ್ಟೋ ಸಲ ಊಹಿಸಿಕೊಂಡಿದ್ದೆ. ಪ್ರತಿ ಸಲವೂ ಅವಳು ನನಗಿಂತ ಚೆಲುವೆಯಾಗಿಯೇ ಇರುತ್ತಿದ್ದಳು.

ತುಮಕೂರಿನಲ್ಲಿ ನಡೆದ ಮಾಜಿ ಸೈನಿಕರ ಸಭೆಯಲ್ಲಿ ಒಬ್ಬ ಹವಾಲ್ದಾರರು, ಸಿಸ್ಟರ್ ನಿವೃತ್ತರಾಗಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಮನೆ ಕಟ್ಟಿಸಿದ್ದಾರೆಂದು ವಿಳಾಸ ಕೊಟ್ಟರು. ಆ ರಾತ್ರಿ ಇವರು ಸರಿಯಾಗಿ ಊಟ ಮಾಡಲಿಲ್ಲ. ‘ನೀನೂ ಬಾ, ಅವರಿಗೆ ಖುಷಿಯಾಗುತ್ತೆ’ ಎಂದರು. ಅವರ ಖುಷಿಗಾಗಿ ನಾನು ಹೊರಟವಳಲ್ಲ. ಜರಿಯಂಚಿನ ಮೈಸೂರು ರೇಷ್ಮೆ ಸೀರೆ ಉಟ್ಟೆ. ಕೊಂಡೊಯ್ಯಲು ಕೊಬ್ಬರಿ ಮಿಠಾಯಿ ಮಾಡಿದೆ; ಸಕ್ಕರೆ ಹಾಕುವಾಗ ಕೈ ತಾನಾಗಿಯೇ ಬಿಗಿಯಾಯಿತು.

ತುಮಕೂರಿನಲ್ಲಿ ಬಸ್ಸು ನಿಂತಾಗ ಇಡ್ಲಿ ತಿಂದೆವು. ನೆಲಮಂಗಲ ದಾಟುವ ಹೊತ್ತಿಗೆ ಬಿಸಿಲೇರಿ ಕಿಟಕಿಯಿಂದ ಧೂಳು ನುಗ್ಗತೊಡಗಿತು. ಮೆಜೆಸ್ಟಿಕ್‌ನಲ್ಲಿ ಇಳಿದು ಜಯನಗರದ ಸಿಟಿ ಬಸ್ಸು ಹಿಡಿದೆವು. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸು ನೋಡಿ ನಾನು ಒಂದು ಗಳಿಗೆ ಬಂದ ಕೆಲಸವನ್ನೇ ಮರೆತೆ. ಒಂದೇ ಕಟ್ಟಡದೊಳಗೆ ತರಕಾರಿ, ಬಟ್ಟೆ, ಸ್ಟೀಲ್ ಪಾತ್ರೆ, ಎಲ್ಲ ಇತ್ತು. ಇವರು ಅಲ್ಲಿ ಮಲ್ಲಿಗೆ ಹೂವು ಕೊಂಡರು. ನನ್ನ ಕೈಗೆ ಕೊಟ್ಟಾಗ ಮುಡಿಯಲು ಹೊರಟೆ. ‘ಅದು ಸಿಸ್ಟರ್‌ಗೆ’ ಎಂದರು. ನಾನು ಎಲೆಯಲ್ಲಿ ಮತ್ತೆ ಸುತ್ತಿ ಚೀಲಕ್ಕೆ ಹಾಕಿದೆ.

ಮುಂದಕ್ಕೆ ಹೋಗುವ ಬಸ್ಸು ಮಧ್ಯಾಹ್ನದವರೆಗೆ ಇರಲಿಲ್ಲ. ಆಟೋದವನೊಬ್ಬ ವಿಳಾಸ ನೋಡಿ ತಲೆಯಾಡಿಸಿದ.

“ಅಷ್ಟು ದೂರ ಬರಲ್ಲ ಸಾರ್. ವಾಪಸ್ ಬರೋಕೆ ಒಂದು ನರಪಿಳ್ಳೆ ಸಿಗಲ್ಲ ಅಲ್ಲಿ.”

“ನಡ್ದೇ ಹೋಗೋಣ ಬಾ ಸರೋಜ,” ಎಂದರು ಇವರು.

“ಬಸ್ಸು ಬರೋವರೆಗೂ ಕೂತ್ಕೊಳ್ಳೋಣಾರೀ. ಕಾಲು?”

“ಕಾಲಿಗೇನಾಗಿದೆ?” ಎಂದು ಹೊರಟೇಬಿಟ್ಟರು.

ಮಾರೇನಹಳ್ಳಿ ದಾಟಿದ ಮೇಲೆ ಮನೆಗಳು ವಿರಳವಾದವು. ಜಲ್ಲಿ ಹಾಕಿದ ರಸ್ತೆ, ಸೈಟಿಗೆ ನೆಟ್ಟ ಕಲ್ಲುಗಳು, ಅವುಗಳ ನಡುವೆ ಕೊಯ್ಲು ಮುಗಿದ ರಾಗಿಯ ಕೂಳೆ. ದೂರದಲ್ಲಿ ಸಾರಕ್ಕಿ ಕೆರೆಯ ನೀರು ಹೊಳೆಯುತ್ತಿತ್ತು. ದಾರಿ ಕೇಳಿದಲ್ಲೆಲ್ಲ ‘ಇಲ್ಲೇ ಮುಂದೆ’ ಎನ್ನುತ್ತಿದ್ದರು. ಇವರ ನಡಿಗೆ ಒಂದು ಕಡೆ ವಾಲತೊಡಗಿತು. ಹಣೆಯ ಮೇಲಿನ ಬೆವರು ಬಿಸಿಲಿನದಲ್ಲ ಎಂದು ನನಗೆ ಗೊತ್ತಾಯಿತು. ಬೇಲಿಯ ನೆರಳಿನಲ್ಲಿ ಕೂರಿ ಎಂದೆ, ಕೂರಲಿಲ್ಲ. ನನ್ನ ಜೊತೆ ಸಂತೆಗೆ ಬರಲು ಕಾಲು ನೋವೆನ್ನುವ ಮನುಷ್ಯ ಅವಳಿಗಾಗಿ ಹಲ್ಲು ಕಚ್ಚಿಕೊಂಡು ನಡೆಯುತ್ತಿದ್ದಾರಲ್ಲ ಎಂದುಕೊಂಡು ಎರಡು ಹೆಜ್ಜೆ ಹಿಂದೆಯೇ ನಡೆದೆ.

ಮನೆ ಸಿಕ್ಕಿತು. ಹೊಸ ಕಾಂಪೌಂಡಿನ ಹಸಿ ಸಿಮೆಂಟಿಗೆ ಒಬ್ಬ ಹೆಂಗಸು ಪೈಪಿನಿಂದ ನೀರು ಬಿಡುತ್ತಿದ್ದರು. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿದ್ದರು. ದಪ್ಪ ಮೈ, ಕತ್ತರಿಸಿದ ನರೆಗೂದಲು, ದಪ್ಪ ಗಾಜಿನ ಕನ್ನಡಕ. ಇವರು ಗೇಟಿನ ಬಳಿ ನಿಂತು ಸೆಲ್ಯೂಟ್ ಹೊಡೆದರು.

“ಯಾರಪ್ಪಾ?”

“ನಾನು ಸಿಸ್ಟರ್, ನಂಜುಂಡಪ್ಪ. ತಿಪಟೂರಿನವನು. ಎಪ್ಪತ್ತೊಂದರಲ್ಲಿ...”

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. “ಒಳಗೆ ಬನ್ನಿ. ನೆನಪಾಗ್ತಿಲ್ಲ ಕಣಪ್ಪಾ, ಬೇಜಾರು ಮಾಡ್ಕೋಬೇಡ. ತುಂಬಾ ಜನ ಇದ್ರಿ.”

ಆ ಕ್ಷಣ ನನ್ನೊಳಗೆ ಎದ್ದ ಸಂತೋಷವನ್ನು ಸುಳ್ಳು ಹೇಳದೆ ಬರೆಯುತ್ತೇನೆ: ಹಬ್ಬವೇ ಆಯಿತು. ಇವರು ಇಷ್ಟು ವರ್ಷ ಹೊತ್ತು ಮೆರೆಸಿದ ಸಿಸ್ಟರ್‌ಗೆ ಇವರ ಗುರುತೇ ಇರಲಿಲ್ಲ.

ಹಬ್ಬ ಬಹಳ ಹೊತ್ತು ಇರಲಿಲ್ಲ. ಹಾಲಿನಲ್ಲಿ ಕೂತ ಮೇಲೆ ಇವರು ಒಂದೊಂದೇ ಗುರುತು ಹೇಳುತ್ತ ಹೋದರು. ಡೇರೆಯ ಬಾಗಿಲ ಬಳಿಯ ಮಂಚ. ಒಡೆದ ಲಾಂದ್ರ. ಸಿಸ್ಟರ್ ಇಲ್ಲವೆಂದು ತಲೆಯಾಡಿಸುತ್ತಲೇ ಇದ್ದರು. ಕೊನೆಗೆ ಇವರು ತಗ್ಗಿದ ದನಿಯಲ್ಲಿ, “ಪಕ್ಕದ ಮಂಚದಲ್ಲಿ ಪೂಣಚ್ಚ ಅಂತ ಕೊಡಗಿನ ಸಿಪಾಯಿ ಇದ್ದ. ಮಳೆ ನಿಂತ್ತಾ, ಮಳೆ ನಿಂತ್ತಾ ಅಂತ ಕೇಳ್ತಿದ್ದ” ಎಂದರು.

ಸಿಸ್ಟರ್ ತಲೆಯಾಡಿಸುವುದು ನಿಂತಿತು. “ಮಳೆ ಎಲ್ಲಿತ್ತು? ಡೇರೆ ಮೇಲೆ ಇಬ್ಬನಿ ತೊಟ್ಟಿಕ್ತಿತ್ತು ಅಷ್ಟೆ.”

“ಹೌದು ಸಿಸ್ಟರ್. ಇಬ್ಬನಿ.”

“ಕೊನೆಗೆ ಬೆಳಗಿನ ಜಾವ, ನಿಂತಿದೆ ಕಣೋ ಅಂದೆ. ಆಮೇಲೇ ಕಣ್ಣು ಮುಚ್ಚಿದ.”

“ನಾನು ಎದ್ದಿದ್ದೆ. ಕೇಳಿಸ್ತು.”

ಅವರಿಬ್ಬರ ಆ ನೆನಪಿನಲ್ಲಿ ನನಗೆ ಕೂರಲು ಜಾಗವಿರಲಿಲ್ಲ. ಪೂಣಚ್ಚ ಎಂಬ ಹೆಸರನ್ನು ನಾನು ಅವತ್ತೇ ಮೊದಲು ಕೇಳಿದ್ದು. ಸಿಸ್ಟರ್ ಚೆಲುವೆಯಾಗಿದ್ದರೆ, ಇವರನ್ನು ಗುರುತಿಸಿ ಕಣ್ಣರಳಿಸಿದ್ದರೆ, ಅದನ್ನು ಎದುರಿಸಲು ನಾನು ತಯಾರಾಗಿ ಬಂದಿದ್ದೆ. ಇದಕ್ಕೆ ತಯಾರಾಗಿರಲಿಲ್ಲ. ಮಿಠಾಯಿ, ಹೂವು ಎರಡನ್ನೂ ಮೇಜಿನ ಮೇಲಿಟ್ಟು, “ಮೇಡಂ, ತಗೊಳ್ಳಿ” ಎಂದೆ. ಸಿಸ್ಟರ್ ಎನ್ನಲು ನಾಲಿಗೆ ಹೊರಳಲಿಲ್ಲ.

ಅವರು ಹೂವು ನೋಡಲಿಲ್ಲ. ಇವರ ಕಾಲನ್ನೇ ನೋಡುತ್ತಿದ್ದರು. “ಪ್ಯಾಂಟು ಒದ್ದೆ ಆಗಿದೆ. ರಕ್ತ ಅದು. ಎಲ್ಲಿಂದ ನಡೆದ್ರಿ?”

“ನಾಲ್ಕನೇ ಬ್ಲಾಕಿಂದ,” ಎಂದೆ ನಾನು.

“ಬುದ್ಧಿ ಇದೆಯಾ ನಿನಗೆ? ಬಿಚ್ಚು ಅದನ್ನ,” ಎಂದು ಇವರಿಗೆ ಗದರಿ, ಒಳಗಿನಿಂದ ಬೇಸಿನ್, ಡೆಟಾಲು, ಹತ್ತಿ, ಬಟ್ಟೆಪಟ್ಟಿ ತಂದರು. ಎದುರಾಡದೆ ಇವರು ಬಗ್ಗಿ ಪ್ಯಾಂಟಿನ ಅಂಚು ಹಿಡಿದರು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದರು.

“ಸರೋಜ, ನೀನು ಸ್ವಲ್ಪ ಹೊರಗಿರು.”

ನನ್ನ ಕಾಲು ಅಲುಗಲಿಲ್ಲ.

“ಅವಳ್ಯಾಕೆ ಹೊರಗೆ?” ಎಂದರು ಸಿಸ್ಟರ್.

“ಅವಳು ಹೆದ್ರ್‌ಕೋತಾಳೆ ಸಿಸ್ಟರ್. ಅವಳು ನೋಡಿಲ್ಲ.”

“ನೋಡಿಲ್ವಾ? ಇಷ್ಟು ವರ್ಷ?” ಅವರು ಹತ್ತಿಯನ್ನು ಬೇಸಿನ್ನಿಗೆ ಹಾಕಿ ನೆಟ್ಟಗಾದರು. “ನಾನು ನೋಡಬಹುದು, ಅವಳು ನೋಡಬಾರದಾ? ನನಗೆ ನಿನ್ನ ಗುರುತೇ ಇಲ್ಲವಲ್ಲಪ್ಪಾ.”

ಇವರ ಮುಖ ಇಳಿಯಿತು. ಆ ಮಾತು ನನ್ನ ಪರವಾಗಿದ್ದರೂ ಇವರಿಗೆ ಹಾಗೆ ತಾಗಿದ್ದು ಕಂಡು ಸಿಸ್ಟರ್ ಮೇಲೆ ಸಿಟ್ಟೇ ಬಂತು. “ನಾನು ಹೆದರಲ್ಲಾರೀ” ಎಂದು ಇವರ ಕಾಲ ಬಳಿ ನೆಲದ ಮೇಲೆ ಕೂತೆ. ಬೇಸಿನ್ ತುಳುಕಿ ರೇಷ್ಮೆ ಸೀರೆ ಒದ್ದೆಯಾಯಿತು. ಇವರು ಗೋಡೆಯ ಕಡೆ ಮುಖ ತಿರುಗಿಸಿದರು, ಬೇಡ ಎನ್ನಲಿಲ್ಲ. ಕೃತಕ ಕಾಲಿನ ಬೆಲ್ಟುಗಳನ್ನು ನಾನೇ ಬಿಚ್ಚಿದೆ.

ಮೊಣಕಾಲಿನ ಕೆಳಗೆ ಸ್ವಲ್ಪವೇ ಕಾಲು ಉಳಿದಿತ್ತು. ತುದಿಯಲ್ಲಿ ಹೊಲಿಗೆಯ ಹಳೆಯ ಗೆರೆ, ಅದರ ಪಕ್ಕ ಉಜ್ಜಿ ಕಿತ್ತುಹೋದ ಚರ್ಮ. ಭಯವಾಗಲಿಲ್ಲ. ಇದನ್ನು ಕತ್ತಲಲ್ಲಿ ಒಬ್ಬರೇ ತಡವಿ ತಡವಿ ಸಂಭಾಳಿಸಿಕೊಂಡರಲ್ಲ ಎಂದುಕೊಂಡು ಹತ್ತಿ ಅದ್ದಿದೆ. ಸಿಸ್ಟರ್ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. “ಒರೆಸಬೇಡ, ಒತ್ತು. ಹಾಂ. ಅಷ್ಟು ಬಿಗಿ ಬೇಡ, ಬಿಚ್ಚಿ ಮತ್ತೆ ಕಟ್ಟು.” ನಾನು ಮತ್ತೆ ಕಟ್ಟಿದೆ. ಅಷ್ಟು ಹೊತ್ತೂ ಇವರ ಕೈ ನನ್ನ ಹೆಗಲ ಮೇಲಿತ್ತು. ಆಧಾರಕ್ಕೆ ಇಟ್ಟದ್ದೋ ಏನೋ, ನಾನು ಕೇಳಲಿಲ್ಲ.

ಇವರಿಗೆ ಹಾಲಿನಲ್ಲಿ ಚಾಪೆ ಹಾಸಿ ಮಲಗಿಸಿ, ಸಿಸ್ಟರ್ ನನ್ನನ್ನು ಅಡುಗೆಮನೆಗೆ ಕರೆದರು. ಹುರುಳಿಕಾಳಿನ ಸಾರು ಕುದಿಯುತ್ತಿತ್ತು. ಅವರು ತಲಘಟ್ಟಪುರದ ರೈತರ ಮನೆಯವರು. ಮುದ್ದೆ ತೊಳಸುವ ಕೈಯಲ್ಲಿ ಇನ್ನೂ ಆ ಊರಿನ ಬಲವಿತ್ತು. ಮದುವೆಯಾಗಿರಲಿಲ್ಲ. ನಾನು ತಡೆಯಲಾರದೆ ಕೇಳಿದೆ.

“ನಿಜವಾಗ್ಲೂ ಇವರ ನೆನಪಿಲ್ವಾ ಮೇಡಂ? ನಮ್ಮ ಮಗಳಿಗೆ ನಿಮ್ಮ ಹೆಸರೇ ಇಟ್ಟಿದ್ದಾರೆ.”

ಅವರು ಕೋಲು ನಿಲ್ಲಿಸಿದರು. “ಅಯ್ಯೋ. ನನ್ನ ಹೆಸರಾ?” ಒಲೆಯ ಉರಿ ತಗ್ಗಿಸಿದರು. “ಇಲ್ಲ ಕಣಮ್ಮಾ. ಸತ್ತವರೆಲ್ಲಾ ನೆನಪಿದ್ದಾರೆ. ಹೆಸರು, ಮಂಚ, ಏನು ಕೇಳಿದ್ರು, ಎಲ್ಲಾ. ಬದುಕಿದವರನ್ನ ಲಾರಿಗೆ ಹತ್ತಿಸಿದ್ರೆ ಮುಗೀತು, ಆ ಮಂಚಕ್ಕೆ ಇನ್ನೊಬ್ಬ ಬರ್ತಿದ್ದ. ಅವರು ಆಮೇಲೆ ನಡೆದ್ರಾ, ಮನೆ ಸೇರಿದ್ರಾ, ಒಂದೂ ಗೊತ್ತಿಲ್ಲ. ನಿನ್ನ ಗಂಡನೇ ಮೊದಲು, ನನ್ನ ಬಾಗಿಲಿಗೆ ನಡ್ಕೊಂಡು ಬಂದವನು.”

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೊಗೆಯೆಂದುಕೊಳ್ಳಲು ಅದು ಗ್ಯಾಸ್ ಒಲೆ.

“ನೀನು ದಿನಾ ನೋಡ್ತೀಯ, ಅವನು ನಡೆಯೋದನ್ನ. ನಿನ್ನ ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ ನನಗೆ,” ಎಂದು ನಕ್ಕು ಮುದ್ದೆ ಕಟ್ಟತೊಡಗಿದರು.

ತಟ್ಟೆಗಳನ್ನು ತೊಳೆದು ಸಾಲಾಗಿಟ್ಟೆ. “ಸಿಸ್ಟರ್, ಸಾರು ನಾನು ಬಡಿಸ್ತೀನಿ” ಎಂದೆ.

ಊಟದ ನಂತರ ಅವರು ಪಕ್ಕದ ಮನೆಯವರ ಕಾರಿನಲ್ಲಿ ನಮ್ಮನ್ನು ಮೆಜೆಸ್ಟಿಕ್‌ಗೆ ಕಳಿಸುವ ಏರ್ಪಾಡು ಮಾಡಿದರು. ಇವರು ಗೇಟಿನಲ್ಲಿ ಮತ್ತೆ ಸೆಲ್ಯೂಟ್ ಹೊಡೆದರು. ಈ ಸಲ ಸಿಸ್ಟರ್ ಕೂಡ ಹೊಡೆದರು. ಕಾರು ತಿರುಗುವವರೆಗೂ ಅವರು ಅಲ್ಲೇ ನಿಂತಿದ್ದರು.

ತಿಪಟೂರಿನ ಬಸ್ಸು ಹೊರಟಾಗ ಸಂಜೆಯ ಬಿಸಿಲು ಎದುರಿಗಿತ್ತು. ಪೀಣ್ಯ ದಾಟಿದ ಮೇಲೆ ಇವರು ಹೊರಗೆ ನೋಡುತ್ತಲೇ ಕೇಳಿದರು.

“ಅಡುಗೆಮನೆಯಲ್ಲಿ ಅಷ್ಟು ಹೊತ್ತು ಏನು ಮಾತಾಡಿದ್ರಿ?”

“ಏನೋ. ಹೆಂಗಸರ ಮಾತು.”

“ನನ್ನ ವಿಷಯ ಏನಾದ್ರೂ ಹೇಳಿದ್ರಾ?”

“ಹೇಳಿದ್ರು.”

“ಏನಂದ್ರು?” ಇವರು ಈಗ ಪೂರ್ತಿ ನನ್ನ ಕಡೆ ತಿರುಗಿದ್ದರು. ನಾನು ಇಷ್ಟು ವರ್ಷ ಹೊಟ್ಟೆಕಿಚ್ಚಿನ ಯಾವ ಮುಖ ಹೊತ್ತು ತಿರುಗಿದ್ದೆನೋ ಅದೇ ಮುಖ ಅಲ್ಲಿತ್ತು. ಹೇಳಿಬಿಟ್ಟರೆ ಇವರು ಎಷ್ಟು ಹಿಗ್ಗುವರೆಂದು ನನಗೆ ಗೊತ್ತಿತ್ತು. ಆದರೂ ಆ ಮಾತನ್ನು ಇಷ್ಟು ಬೇಗ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

“ಬಸ್ಸಲ್ಲಿ ಹೇಳಲ್ಲ. ಮನೆಗೆ ಹೋದ್ಮೇಲೆ ಪಟ್ಟಿ ಬದಲಾಯಿಸ್ತೀನಲ್ಲ, ಆಗ ಹೇಳ್ತೀನಿ.”

ಇವರು ನನ್ನನ್ನೇ ನೋಡಿದರು. ನೆಲಮಂಗಲದ ದೀಪಗಳು ಬಂದವು, ಹೋದವು.

“ದೀಪ ಹಾಕ್ಕೊಂಡಾ?” ಎಂದು ಕೇಳಿದರು.

“ಮತ್ತೆ, ಕತ್ತಲಲ್ಲಿ ಹೇಗ್ರೀ ಕಟ್ಟೋದು?” ಎಂದೆ.

“ಸರಿ,” ಎಂದರು.