ಇಟಲಿ ಬರಹದ ಎರಡು ಪುಸ್ತಕ

ದೇವನಹಳ್ಳಿ ಬಳಿಯ ವಿಜಯಪುರದ ತಾಜುದ್ದೀನನಿಗೆ ಯಾರನ್ನೂ ನಂಬುವ ಅಭ್ಯಾಸವಿರಲಿಲ್ಲ. ಅವನದು ರೇಷ್ಮೆ ಹುರಿ ಮಾಡುವ ಕೆಲಸ. ಮದುವೆ ಕಾಲದಲ್ಲಿ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ. ಅದನ್ನು ಕಲಿತದ್ದು ಬೆಂಗಳೂರು ದಂಡಿನಲ್ಲಿ, ಪಲ್ಟನ್ನಿನ ಬ್ಯಾಂಡಿನಲ್ಲಿ. ಊರಿಗೆ ಮರಳುವಾಗ ಅಲ್ಲಿನ ಮುದುಕ ಬ್ಯಾಂಡ್‌ಮಾಸ್ಟರು ಕೈಯಾರೆ ಬರೆದ ಎರಡು ಪುಸ್ತಕ ಕೊಟ್ಟಿದ್ದ. ಯೂರೋಪಿನಲ್ಲಿ ದೊಡ್ಡ ವಾದ್ಯವೃಂದದ ಮುಂದೆ ಒಬ್ಬನೇ ನಿಂತು ನುಡಿಸುವ ಕನ್ಚರ್ಟೊ ಒಂದನ್ನು ಮುದುಕ ಎರಡು ಟ್ರಂಪೆಟ್ಟಿಗೆ ಹೊಂದಿಸಿದ್ದ. ಒಂದು ಪುಸ್ತಕದಲ್ಲಿ ಮುಖ್ಯ ಪಾಲು, ಇನ್ನೊಂದರಲ್ಲಿ ವಾದ್ಯವೃಂದದ ಪಾಲು.

ಅವನ ಜೊತೆಗೂಡಿ ಎರಡನೆಯದನ್ನು ಓದಿ ನುಡಿಸಬಲ್ಲವನು ಆ ಸೀಮೆಗೆ ಒಬ್ಬನೇ, ದೇವನಹಳ್ಳಿಯ ಮುನಿರಾಮಯ್ಯ. ಅವನೂ ಅದೇ ಪಲ್ಟನ್ನಿನಲ್ಲಿ ಊದಿದವನು. ಕಂಡಾಗಲೆಲ್ಲ ಪುಸ್ತಕ ಕೇಳುತ್ತಿದ್ದ. ಕೊಟ್ಟರೆ ನಕಲು ಮಾಡಿಕೊಂಡು ತನ್ನ ಬ್ಯಾಂಡಿಗೆ ಕಲಿಸಿಬಿಡುತ್ತಾನೆ, ಮದುವೆಗಳೆಲ್ಲ ಅವನ ಪಾಲಾಗುತ್ತವೆ ಎಂದು ತಾಜುದ್ದೀನನಿಗೆ ಗುಮಾನಿ. ಆರು ವರ್ಷ ಕೊಡಲಿಲ್ಲ. ಮುಖ್ಯ ಪಾಲನ್ನು ತಾನೊಬ್ಬನೇ ನುಡಿಸಿಕೊಳ್ಳುತ್ತಿದ್ದ. ವಾದ್ಯವೃಂದದ ಸರದಿ ಬಂದಾಗ ಸುಮ್ಮನೆ ಕೂತು ಕಾಲಲ್ಲಿ ತಾಳ ಹಾಕುತ್ತಿದ್ದ.

ನಲವತ್ತೆರಡರ ಚಳಿಗಾಲದ ಒಂದು ಬೆಳಿಗ್ಗೆ ದಫೇದಾರ ಬಂದು ಟ್ರಂಕು ತೆಗೆಸಿ ಆ ಎರಡು ಪುಸ್ತಕ ಹೊರಗೆಳೆದ. ಯುದ್ಧದ ಕಾಲ, ಸೆರೆಸಿಕ್ಕ ಇಟಲಿ ಸಿಪಾಯಿಗಳನ್ನು ಬೆಂಗಳೂರಿನ ಬಳಿ ಕ್ಯಾಂಪಿನಲ್ಲಿ ಕೂಡಿಹಾಕಿದ್ದರು. ಪುಸ್ತಕಗಳ ಜೊತೆ ತಾಜುದ್ದೀನನನ್ನೂ ಠಾಣೆಗೆ ಕರೆದೊಯ್ದರು.

“ಅಲೆಗ್ರೊ, ಲಾರ್ಗೊ. ಇದು ಇಟಲಿ ಮಾತು,” ಎಂದ ಇನ್ಸ್‌ಪೆಕ್ಟರು. “ಕ್ಯಾಂಪಿನೋರು ಯಾರು ಕೊಟ್ರು?”

“ಸಂಗೀತ ಸ್ವಾಮಿ. ಬೇಗ ನುಡ್ಸು, ನಿಧಾನಕ್ಕೆ ನುಡ್ಸು ಅಂತ ಅರ್ಥ. ದಂಡಿನ ಬ್ಯಾಂಡ್‌ಮಾಸ್ಟರು ಬರೆದಿದ್ದು.”

“ಇಂಗ್ಲಿಷರ ಪಲ್ಟನ್ನಲ್ಲಿ ವೈರಿ ಭಾಷೇಲಿ ಬರೀತಾರಾ?”

ತಾಜುದ್ದೀನ್ ಮನೆಯಿಂದ ಟ್ರಂಪೆಟ್ ತರಿಸಿಕೊಂಡು ಒಂದು ಪುಟ ನುಡಿಸಿ ತೋರಿಸಿದ. ಇನ್ಸ್‌ಪೆಕ್ಟರಿಗೆ ಸಮಾಧಾನವಾಗಲಿಲ್ಲ. ಬಾಯಿಪಾಠದ ಯಾವುದೋ ಹಾಡನ್ನು ಊದಿ, ಇದೇ ಅದು ಎನ್ನಬಹುದಲ್ಲ? ಇದನ್ನು ಓದಬಲ್ಲವರು ಇನ್ನು ಯಾರಿದ್ದಾರೆ ಎಂದು ಕೇಳಿದ.

ತಾಜುದ್ದೀನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪುಸ್ತಕವಿರುವುದು ಹೊರಗೆ ಗೊತ್ತಿದ್ದದ್ದು ಮುನಿರಾಮಯ್ಯನೊಬ್ಬನಿಗೆ. ಚಾಡಿ ಹೇಳಿದವನೂ ಅವನೇ ಇರಬೇಕು. ಈಗ ಅವನನ್ನೇ ಸಾಕ್ಷಿಗೆ ಕರೆದರೆ, ಇದು ಸಂಗೀತವೇ ಅಲ್ಲ ಎಂದುಬಿಟ್ಟರೆ? ಆದರೆ ಹೇಳಲು ಬೇರೆ ಹೆಸರೇ ಇರಲಿಲ್ಲ.

ಮಧ್ಯಾಹ್ನ ಮುನಿರಾಮಯ್ಯ ತನ್ನ ಟ್ರಂಪೆಟ್ ಹಿಡಿದು ಬಂದ. ತಾಜುದ್ದೀನನ ಮುಖ ನೋಡಲಿಲ್ಲ. ಇನ್ಸ್‌ಪೆಕ್ಟರು ಇಬ್ಬರನ್ನೂ ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ಒಬ್ಬೊಬ್ಬನ ಮುಂದೆ ಒಂದೊಂದು ಪುಸ್ತಕ ತೆರೆದಿಟ್ಟ. “ಲಾರ್ಗೊ ಅಂತಿರೋ ಪುಟ. ನುಡ್ಸಿ.”

ತಾಜುದ್ದೀನ್ ನಿಧಾನವಾಗಿ ಶುರುಮಾಡಿದ. ಬೆನ್ನ ಹಿಂದಿನ ಟ್ರಂಪೆಟ್ ಒಂದೆರಡು ಕಡೆ ತಡವರಿಸಿತು. ಆಮೇಲೆ ಸ್ವರಕ್ಕೆ ಸ್ವರ ಕೂಡಿಕೊಂಡಿತು. ತಾನು ನಿಲ್ಲಿಸಬೇಕಾದ ಜಾಗ ಬಂದಾಗ ತಾಜುದ್ದೀನ್ ನಿಲ್ಲಿಸಿದ. ಆರು ವರ್ಷ ಬರಿದಾಗಿದ್ದ ಆ ಜಾಗದಲ್ಲಿ ಮುನಿರಾಮಯ್ಯ ಒಬ್ಬನೇ ನುಡಿಸುತ್ತಿದ್ದ. ತಾಜುದ್ದೀನನಿಗೆ ಕಣ್ಣು ತುಂಬಿ, ಮುಂದಿನ ಸಾಲೇ ಕಾಣದಾಯಿತು.

“ಸಾಕು. ನೋಡ್ದೆನೇ ಕೂಡ್ತು ಅಂದ್ರೆ ಸಂಗೀತಾನೇ,” ಎಂದ ಇನ್ಸ್‌ಪೆಕ್ಟರು. ಪುಸ್ತಕ ವಾಪಸು ಕೊಟ್ಟ.

ದಾರಿಯಲ್ಲಿ ಮುನಿರಾಮಯ್ಯನೇ ಬಾಯಿ ಬಿಟ್ಟ. “ನಾನೇ ಅಂದಿದ್ದು ಕಣಪ್ಪಾ. ಹೋಟ್ಲಲ್ಲಿ. ನೀನು ಪುಸ್ತಕ ಕೊಡ್ಲಿಲ್ವಲ್ಲ, ಆ ಸಿಟ್ಟಿಗೆ. ಇಟಲಿ ಬರಹ ಬಚ್ಚಿಟ್ಕೊಂಡವ್ನೆ, ಯಾರ್ಗೂ ತೋರ್ಸಲ್ಲ ಅಂದ್ಬಿಟ್ಟೆ. ಹಿಂದ್ಗಡೆ ದಫೇದಾರ ಕೂತಿದ್ದಿದ್ದು ನಂಗೊತ್ತಿರ್ಲಿಲ್ಲ.”

ತಾಜುದ್ದೀನ್ ಅವನನ್ನು ಅಲ್ಲೇ ಬಿಟ್ಟು ಮನೆಗೆ ನಡೆದ. ಎಂಟು ದಿನ ಟ್ರಂಪೆಟ್ ಮುಟ್ಟಲಿಲ್ಲ. ಒಂಬತ್ತನೆಯ ದಿನ ಎರಡನೆಯ ಪುಸ್ತಕ ತೆಗೆದುಕೊಂಡು ದೇವನಹಳ್ಳಿಗೆ ಹೋಗಿ ಕೊಟ್ಟು ಬಂದ. ಆಮೇಲೆ ಪ್ರತಿ ಭಾನುವಾರ ಇಬ್ಬರೂ ಕೆರೆ ಏರಿಯ ಮೇಲೆ ಕೂತು ಅಭ್ಯಾಸ ಮಾಡಿದರು. ನಕಲು ಮಾಡಿಕೊಂಡ ಗುರುತೇನಾದರೂ ಇದೆಯೇ ಎಂದು ತಾಜುದ್ದೀನ್ ಪ್ರತಿ ಸಲವೂ ಪುಟ ತಿರುವಿ ನೋಡುತ್ತಿದ್ದ. ಮುನಿರಾಮಯ್ಯ ಕಂಡರೂ ಕಾಣದವನಂತಿರುತ್ತಿದ್ದ.

ನಲವತ್ತೈದರಲ್ಲಿ ಮುನಿರಾಮಯ್ಯನ ಮಗಳ ಮದುವೆಯಲ್ಲಿ ಇಬ್ಬರೂ ಪೂರ್ತಿ ಕನ್ಚರ್ಟೊ ನುಡಿಸಿದರು. ಬಂದವರು ಊಟ ಮಾಡುತ್ತಲೇ ಇದ್ದರು. ಮುನಿರಾಮಯ್ಯನ ಹೆಂಡತಿ ಮುನಿತಾಯಮ್ಮ ಮಾತ್ರ ಬಡಿಸುವುದನ್ನು ಬಿಟ್ಟು ಬಂದು, “ಇಂಥದ್ದು ಇನ್ನೂ ಅದಾವಾ ಸಾಬ್ರೆ?” ಎಂದಳು.

ತಾಜುದ್ದೀನ್ ಟ್ರಂಪೆಟ್ಟಿನ ಬಾಯಿ ಒರೆಸಿದ. “ಇನ್ನೂ ಮೂರು ಇವೆ ಅಮ್ಮಾ,” ಎಂದ ಕೊನೆಗೆ. “ಹೊಸಕೋಟೇಲಿ, ನಮ್ಮ ಮಾವನ ಮನೇಲಿಟ್ಟಿದೀನಿ. ಅವೂ ಬ್ಯಾಂಡ್‌ಮಾಸ್ಟರು ಕೊಟ್ಟಿದ್ದೇ, ಯಾರಿಗೂ ಹೇಳಿರ್ಲಿಲ್ಲ.”

ಮುನಿರಾಮಯ್ಯ ಟ್ರಂಪೆಟ್ ಕೆಳಗಿಟ್ಟು ಅವನನ್ನೇ ನೋಡಿದ.