ಒಂದೇ ಕಿವಿಯಲ್ಲಿ ಕೇಳಿದ ಆಲ್ಬಂ

ಮೈಸೂರಿನ ಕಾಲೇಜಿನಲ್ಲಿದ್ದಾಗ ನಾನು ಹುಚ್ಚು ಹಿಡಿದವಳಂತೆ ಕೇಳುತ್ತಿದ್ದುದು ಒಂದೇ ರಾಕ್ ಬ್ಯಾಂಡನ್ನು. ಅವರ ಮೊದಲ ಮೂರು ಆಲ್ಬಂಗಳೇ ನನಗೆ ಆ ಬ್ಯಾಂಡ್. ಆಮೇಲೆ ಗಿಟಾರಿನ ಅಬ್ಬರ ಇಳಿಯಿತು, ಕೀಬೋರ್ಡು ಮುಂದೆ ಬಂತು, ಗಾಯಕನ ದನಿ ಒಡೆಯಿತು. ಕೊನೆಯ ಆ ನಾಲ್ಕು ಮುದಿ ಆಲ್ಬಂಗಳನ್ನು ನಾನು ಪೂರ್ತಿ ಕೇಳಿದ್ದೇ ಇಲ್ಲ.

ಈಗ ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ನನ್ನ ಜೊತೆ ಮನೆ ಮಾಡಿಕೊಂಡಿರುವ ಹುಬ್ಬಳ್ಳಿಯ ಗೆಳತಿಗೆ ಅವೇ ಇಷ್ಟ.

"ವಯಸ್ಸಾದಾಂವ ಹೆಂಗ ಹಾಡಬೇಕೋ ಹಂಗ ಹಾಡ್ಯಾನ. ಅದರಾಗ ತಪ್ಪೇನೈತಿ?" ಎನ್ನುತ್ತಿದ್ದಳು.

"ಹಾಗಿದ್ರೆ ಮನೇಲಿ ಕೂತು ಹಾಡ್ಕೊಳ್ಲಿ ಬಿಡು."

ಕಳೆದ ಚಳಿಗಾಲ ನೆಗಡಿಯಿಂದ ಎದ್ದ ಮೇಲೆ, ಒಂದು ಬೆಳಿಗ್ಗೆ ಪಕ್ಕದೂರು ನ್ಯೂವೆಗೈನ್‌ನ ಆಫೀಸಿಗೆ ಸೈಕಲ್ ತುಳಿಯುತ್ತಿದ್ದಾಗ ನನ್ನ ಎಡಗಿವಿ ಮುಚ್ಚಿಹೋಯಿತು. ಕಾಲುವೆಯ ಬಾತುಕೋಳಿಗಳು, ಹಿಂದಿನಿಂದ ಬರುವ ಸೈಕಲ್‌ನ ಬೆಲ್ಲು, ಎಲ್ಲವೂ ಬಲಕ್ಕೇ ಸರಿದುಕೊಂಡಿದ್ದವು. ವೈದ್ಯೆ ಮಾತ್ರೆ ಕೊಟ್ಟು, ಎಷ್ಟು ಮರಳುತ್ತದೋ ಕಾದು ನೋಡಬೇಕು ಎಂದರು. ಅಂದು ಸಂಜೆ ಮೊದಲ ಆಲ್ಬಂ ಹಾಕಿದೆ. ತಗಡು ಎಳೆದಾಡಿದಂತೆ ಕೇಳಿಸಿತು. ನಿಲ್ಲಿಸಿ, ಅತ್ತುಬಿಟ್ಟೆ.

ಆ ಭಾನುವಾರ ಮಧ್ಯಾಹ್ನ ಕಿಟಕಿಯಾಚೆ ಮಂಜು ತುಂಬಿ ಎದುರಿನ ಮನೆಗಳು ಕರಗಿಹೋಗಿದ್ದವು. ಗೆಳತಿ ಅಡುಗೆಮನೆಯಲ್ಲಿ ಅವರ ಕೊನೆಯ ಆಲ್ಬಂ ಸಣ್ಣಗೆ ಹಾಕಿಕೊಂಡು ಚಪಾತಿಗೆ ಹಿಟ್ಟು ನಾದುತ್ತಿದ್ದಳು. ನಾನು ನೆಲದ ಮೇಲೆ ಕೂತು ಬಲಗಿವಿಯನ್ನು ಸ್ಪೀಕರಿನತ್ತ ತಿರುಗಿಸಿದೆ. ಆತ ಒಂದು ಸಾಲು ಹಾಡಿ ನಿಲ್ಲುತ್ತಿದ್ದ. ಆ ಬಿಡುವಿನಲ್ಲಿ ಅವನ ಉಸಿರು. ಆಮೇಲೆ ನೀರೊಳಗೆ ಯಾರೋ ನಡೆದುಬಂದಂತೆ ನಿಧಾನವಾಗಿ ಬೇಸ್ ಗಿಟಾರು. ದಮ್ಮು ಸಾಲದೆ ನಿಲ್ಲುತ್ತಾನೆ ಎಂದುಕೊಂಡಿದ್ದೆ. ಹಾಗಲ್ಲ, ಮುಂದಿನ ಸಾಲು ಬರಲೆಂದು ಅವನೂ ನನ್ನ ಹಾಗೆ ಕಿವಿಗೊಟ್ಟು ಕಾಯುತ್ತಿದ್ದಾನೆ ಎಂದು ಈಗ ಅನ್ನಿಸಿತು. ನಾನೇ ತೇಲುತ್ತಿದ್ದೆನೋ, ಮಂಜೇ ಒಳಗೆ ಬಂದಿತ್ತೋ ತಿಳಿಯಲಿಲ್ಲ.

"ಬಂದ್ ಮಾಡ್ಲೇನ? ಕಿವಿ ನೋಯ್ತೈತೇನು?" ಎಂದಳು ಗೆಳತಿ.

"ಬೇಡ ಕಣೇ. ಮೊದಲಿಂದ ಹಾಕು."

ಅವಳು ಹಿಟ್ಟಿನ ಕೈಯಲ್ಲೇ ಫೋನ್ ಮುಟ್ಟಿದಳು.

ಏಳೆಂಟು ವಾರಕ್ಕೆ ಎಡಗಿವಿ ಮುಕ್ಕಾಲು ಪಾಲು ಮರಳಿತು. ಕೊನೆಯ ನಾಲ್ಕೂ ಆಲ್ಬಂಗಳು ಈಗ ನನಗೆ ಬಾಯಿಪಾಠ. ಆದರೆ ಪಿಟೀಲುಗಳನ್ನು ತುಂಬಿಸಿದ ಒಂದನ್ನು ಮಾತ್ರ ಇಂದಿಗೂ ಒಪ್ಪಲಾರೆ. ಹಾಡು ಸಾಲದ್ದಕ್ಕೆ ಸಿಂಗಾರ ಮಾಡಿದ್ದಾರೆ. "ನಿನಗ ಅದು ತಿಳಿಯಂಗಿಲ್ಲ ಬಿಡು" ಎನ್ನುತ್ತಾಳೆ ಗೆಳತಿ. ಕಳೆದ ಶನಿವಾರ ರೈಲಿನಲ್ಲಿ ಇದೇ ಜಗಳ ಆಡುತ್ತಾ ಆಡುತ್ತಾ, ನಾವು ಇಳಿಯಬೇಕಾದ ನಿಲ್ದಾಣ ದಾಟಿಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.